ಮುದ್ದಕ್ಕನ ಸೂಜಿ

ಸೂಜಿ ಕಂಡರೆ ಜೀವ ಹೋದಂತೆ ಹೆದರುವ ಗಂಡ ಸಿಳ್ಳೆ ಹಾಕುತ್ತ ರಕ್ತ ಕೊಡಲು ಹೊರಟರೆ ಯಾವ ಹೆಂಡತಿಗೆ ತಾನೇ ಅನುಮಾನ ಬರುವುದಿಲ್ಲ?

ಏಕಾಂತಮ್ಮನಿಗೂ ಬಂತು. ಹೊಳಲ್ಕೆರೆಯ ಶಾಲೆಯ ಹೆಡ್‌ಮೇಷ್ಟರಾದ ಅವಳ ಗಂಡ ಚಿತ್ರಲಿಂಗಪ್ಪನವರು ಸಾಮಾನ್ಯ ಪುಕ್ಕಲರಲ್ಲ. ಹಿಂದೊಮ್ಮೆ ಕಾಲರಾ ಸೂಜಿ ಹಾಕುವವರು ಶಾಲೆಗೆ ಬಂದಾಗ, ಹುಡುಗರಿಗಿಂತ ಮೊದಲು ಹಿತ್ತಲ ಗೋಡೆ ಹಾರಿದವರು. ಅಂಥವರು ಈಗ ಕ್ಯಾಲೆಂಡರಿನಲ್ಲಿ ರಕ್ತಪರೀಕ್ಷೆಯ ಸೋಮವಾರಕ್ಕೆ ಕೆಂಪು ಮಸಿಯ ಸುತ್ತು ಹಾಕಿ ದಿನ ಎಣಿಸುತ್ತಿದ್ದರು.

ಎಲ್ಲ ಶುರುವಾದದ್ದು ಎಪ್ಪತ್ತೈದನೇ ಇಸವಿಯ ಬೇಸಿಗೆಯಲ್ಲಿ. ಚಿತ್ರದುರ್ಗದ ಡಾಕ್ಟರ್ ನಾಗರಾಜಪ್ಪನವರು ಟೇಪು ಹಿಡಿದು ಮೇಷ್ಟರ ಹೊಟ್ಟೆ ಅಳೆದರು. ಟೇಪು ಸಾಲಲಿಲ್ಲ.

“ಹೊಟ್ಟೆ ಮುಂದಕ್ಕೆ ಬಂದೈತೆ, ಬಿ.ಪಿ. ಮೇಲಕ್ಕೆ ಹೋಗೈತೆ ಮೇಷ್ಟ್ರೇ. ಇದರ ಜೊತೆಗೆ ರಕ್ತದಾಗೆ ಸಕ್ಕರೆ, ಕೊಬ್ಬು ಎರಡೂ ಏರಿದ್ರೆ ಮುಂದೆ ಏನು ಕಾದೈತೆ ಅಂತ ಆ ರಕ್ತಾನೇ ಹೇಳಿಬಿಡ್ತೈತೆ. ತಿಂಗಳಿಗೊಂದು ಸಲ ಬೆಳಿಗ್ಗೆ ಉಪವಾಸ ಇದ್ದು ಬರ್ರಿ.”

ಸಕ್ಕರೆ ಎಂದರೆ ಏನೆಂದು ಏಕಾಂತಮ್ಮನಿಗೆ ಗೊತ್ತಿತ್ತು. ಅವಳ ಅಪ್ಪ ಸಕ್ಕರೆ ಕಾಯಿಲೆಯಲ್ಲಿ ಮೊದಲು ಕಾಲ್ಬೆರಳು, ಆಮೇಲೆ ಕಾಲು, ಕಡೆಗೆ ಜೀವವನ್ನೇ ಕಳೆದುಕೊಂಡಿದ್ದರು. ಗಂಡನಿಗೆ ಆ ಗತಿ ಬರಬಾರದು. ಅಂದೇ ಬೆಲ್ಲದ ಡಬ್ಬಿ, ರೇಷನ್ ಸಕ್ಕರೆ ಎರಡೂ ಬೀರುವಿನೊಳಗೆ ಸೇರಿ, ಬೀಗದ ಕೈ ಅವಳ ಸೊಂಟಕ್ಕೇರಿತು. ಮೇಷ್ಟರಿಗೆ ಅರ್ಧ ಮುದ್ದೆ, ಸೊಪ್ಪಿನ ಸಾರು, ಹಾಗಲಕಾಯಿ ಪಲ್ಯ. ಹೋಳಿಗೆಯ ಹೆಸರೆತ್ತಿದರೆ ಅವಳ ಕಣ್ಣು ಕೆಂಪಾಗುತ್ತಿತ್ತು.

ಇನ್ನು ಉಪವಾಸವನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಒಂದು ಶಿವರಾತ್ರಿಯನ್ನೂ, ಒಂದು ಶ್ರಾವಣ ಸೋಮವಾರವನ್ನೂ ತಪ್ಪಿಸಿದವಳಲ್ಲ. ಪರೀಕ್ಷೆಯ ದಿನ ಕೋಳಿ ಕೂಗುವ ಮುಂಚೆ ಎದ್ದು, ಗಂಡನಿಗೆ ನೀರು ಕಾಯಿಸಿ, ಎದುರಿಗೇ ಕೂತು ಉಪವಾಸ ಮಾಡಿಸಿ ಬಸ್ಸು ಹತ್ತಿಸುತ್ತಿದ್ದಳು. ಆ ದಿನ ಮನೆಯಲ್ಲಿ ಮುದ್ದೆಕೋಲು ಗೋಡೆ ಬಿಟ್ಟು ಇಳಿಯುತ್ತಿರಲಿಲ್ಲ.

ಆದರೂ ಮೊದಲ ತಿಂಗಳು ಸಕ್ಕರೆ ನೂರ ಅರವತ್ತು. ಎರಡನೆಯ ತಿಂಗಳು ನೂರ ತೊಂಬತ್ತು.

“ಎಲ್ಲೋ ಕದ್ದು ತಿಂತಾ ಇದ್ದೀರಿ,” ಎಂದರು ಡಾಕ್ಟರು.

“ನನ್ನಾಣೆ ಇಲ್ಲ ಸಾರ್. ಕದ್ದು ಒಂದು ಚೂರು ಬೆಲ್ಲ ನೆಕ್ಕಿದ್ರೂ ನನ್ನ ನಾಲಿಗೆ ಸೇದಿಹೋಗಲಿ,” ಎಂದರು ಮೇಷ್ಟರು. ಮುಖ ನೋಡಿದರೆ ಸುಳ್ಳು ಅನ್ನಿಸುವಂತಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಕೆಂಚಕ್ಕ ಬೆಂಕಿಗೆ ತುಪ್ಪ ಸುರಿದಳು. “ಏಕಾಂತಕ್ಕ, ಹೇಳಬಾರ್ದು ಅನ್ಕಂಡಿದ್ದೆ. ಅವರು ಮೊದಲ್ನೇ ಸಲ ಹೋದ ದಿನ ಮಂಡಿನೋವಿಗೆ ಅಂತ ನಾನೂ ದುರ್ಗಕ್ಕೆ ಹೋಗಿದ್ನಲ್ಲ? ಅಲ್ಲಿ ರಕ್ತ ತೆಗೆಯೋ ನರ್ಸಮ್ಮ, ಮುದ್ದಕ್ಕ ಅಂತ, ನಿಮ್ಮ ಯಜಮಾನ್ರ ಕಿವಿಗೆ ಬಾಯಿಟ್ಟು ಏನೋ ಅಂದ್ಲು. ಇವರು ನಕ್ಕಂಡು, ‘ಮನೇಲಿ ಹೇಳಾದು ನಂಗೆ ಬಿಡಮ್ಮ’ ಅಂದ್ರು!”

ಹೆಸರೇ ಮುದ್ದಕ್ಕ! ಏಕಾಂತಮ್ಮನಿಗೆ ಸಿಳ್ಳೆಯ ಅರ್ಥ ಆಯಿತು, ಕೆಂಪು ಸುತ್ತಿನ ಅರ್ಥವೂ ಆಯಿತು.

ಮೂರನೆಯ ತಿಂಗಳ ಸೋಮವಾರ ಉಪವಾಸವನ್ನು ಇನ್ನೂ ಕಟ್ಟುನಿಟ್ಟಾಗಿ ಮಾಡಿಸಿ, ತಾನೂ ಸೀರೆ ಬದಲಿಸಿ ನಿಂತಳು. “ನಾನೂ ಬರ್ತೀನಿ.”

ಸಿಳ್ಳೆ ಅಲ್ಲಿಗೇ ನಿಂತಿತು. “ನೀನ್ಯಾಕೆ ತ್ರಾಸು ತಗಂತೀಯೇ?”

“ಹೋಗಾಣ ನಡೀರಿ.”

ಮುದ್ದಕ್ಕ ಮೂವತ್ತರ ಹೆಣ್ಣು. ಬಿಳಿ ಸೀರೆ, ಮುಡಿಯಲ್ಲಿ ಒಂದು ಮೊಳ ಕನಕಾಂಬರ. ಮೇಷ್ಟರ ತೋಳಿಗೆ ರಬ್ಬರು ಕಟ್ಟುತ್ತ, “ಮೇಷ್ಟ್ರೇ, ಈ ಸಲಾನಾದ್ರೂ…” ಎಂದಳು. ಮೇಷ್ಟರಿಗೆ ಎಲ್ಲಿಲ್ಲದ ಕೆಮ್ಮು ಬಂತು. ಏಕಾಂತಮ್ಮ ಹಲ್ಲು ಕಚ್ಚಿ ಕೂತಳು.

ಮಧ್ಯಾಹ್ನ ಡಾಕ್ಟರು ಚೀಟಿ ನೋಡಿ ತಲೆಯಾಡಿಸಿದರು. “ಇನ್ನೂರ ನಲವತ್ತು. ಇನ್ನು ದಾರಿ ಇಲ್ಲ. ನಾಳೆಯಿಂದ ದಿನಾ ಇಂಜೆಕ್ಷನ್. ಬದುಕಿರೋ ತನಕ.”

ಮೇಷ್ಟರ ಮುಖ ಸುಣ್ಣದಂತಾಯಿತು. ಬಾಯಿ ತೆರೆದರು. ಹೆಂಡತಿಯ ಕಡೆ ನೋಡಿ ಮತ್ತೆ ಮುಚ್ಚಿದರು.

ಏಕಾಂತಮ್ಮನಿಗೆ ಮುದ್ದಕ್ಕ, ಅನುಮಾನ ಎಲ್ಲ ಮರೆತುಹೋಯಿತು. ಅಪ್ಪನ ಕಾಲು ಕಣ್ಣ ಮುಂದೆ ಬಂತು. ಗಳಗಳ ಅತ್ತುಬಿಟ್ಟಳು. “ಬಾಯಿ ಕಟ್ಟಿ ಸಾಕೀನಿ ಸಾರ್! ತಿಂಗಳೆಲ್ಲ ಹಾಗಲಕಾಯಿ ತಿನ್ಸೀನಿ!”

ಡಾಕ್ಟರು ಮೆತ್ತಗೆ ಕೇಳಿದರು. “ಇವತ್ತು ಬೆಳಿಗ್ಗೆ ಏನೂ ತಿಂದಿಲ್ಲ ತಾನೇ ತಾಯಿ?”

ಅಳು ನಿಂತು ಸಿಟ್ಟು ಬಂತು. “ಏನು ಮಾತೂಂತ ಆಡ್ತೀರಿ? ನಾನೇ ಎದುರಿಗೆ ಕುಂತು ಉಪವಾಸ ಮಾಡಿಸೀನಿ! ಮುದ್ದೆ ಇಲ್ಲ, ಅನ್ನ ಇಲ್ಲ, ಉಪ್ಪಿನ ಹರಳು ಸೈತ ಮುಟ್ಸಿಲ್ಲ. ಬರೀ ಆರು ಬಾಳೆಹಣ್ಣು, ಒಂದು ಹಿಡಿ ಖರ್ಜೂರ, ನಾಕು ತಂಬಿಟ್ಟು, ಒಂದು ಬಟ್ಲು ಬೆಲ್ಲದ ಅವಲಕ್ಕಿ, ಒಂದು ಚೊಂಬು ಹಾಲು-ಸಕ್ಕರೆ. ಹೋದ ಸಲ ಭಕ್ತಿ ಕಮ್ಮಿ ಆಯ್ತೇನೋ ಅಂತ ಈ ಸಲ ಸಬ್ಬಕ್ಕಿ ಪಾಯಸಾನೂ ಮಾಡಿದ್ದೆ!”

ಡಾಕ್ಟರು ಕನ್ನಡಕ ತೆಗೆದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಜೆಕ್ಷನ್ನಿನ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. “ಉಪವಾಸ ಅಂದ್ರೆ ಬರೀ ನೀರು ತಾಯಿ, ಬರೀ ನೀರು! ಬರೋ ಸೋಮವಾರ ಹಂಗೆ ಕರ್ಕಂಡು ಬರ್ರಿ, ನೋಡಾಣ.”

“ಅಯ್ಯೋ ಶಿವನೇ! ಮೊದ್ಲೇ ಯಾರಾದ್ರೂ ಒಂದು ಮಾತು ಹೇಳಬಾರ್ದಿತ್ತಾ?”

“ಹೇಳಿದ್ನಲ್ಲಕ್ಕ,” ಎಂದಳು ಬಾಗಿಲಲ್ಲಿ ನಿಂತಿದ್ದ ಮುದ್ದಕ್ಕ. “ಬಾಯಲ್ಲಿ ಬಾಳೆಹಣ್ಣಿನ ವಾಸನೆ ಬಂದಿತ್ತು. ಜನದ ಮುಂದೆ ಮೇಷ್ಟ್ರ ಮರ್ಯಾದೆ ಹೋಗಬಾರ್ದು ಅಂತ ಮೊದಲನೇ ದಿನಾನೇ ಇವರ ಕಿವಿಗೆ ಹೇಳಿದ್ದೆ. ಮನೇಲಿ ನಾನೇ ಹೇಳ್ತೀನಿ ಅಂದಿದ್ರು.”

ಏಕಾಂತಮ್ಮ ತಿರುಗಿ ನೋಡುವಷ್ಟರಲ್ಲಿ ಕುರ್ಚಿ ಖಾಲಿಯಾಗಿತ್ತು; ಹೆಡ್‌ಮೇಷ್ಟರು ಆಸ್ಪತ್ರೆಯ ಹಿತ್ತಲ ಗೋಡೆ ಹಾರುತ್ತಿದ್ದರು.