ಎಚ್ಚರಿಕೆ ಇಲ್ಲದ ಹುಡುಗ

“ಇವನೂ ಹೋದ” ಎಂದರು ಮುನಿಲಕ್ಷ್ಮಮ್ಮ.

ಗೋಡೆಯ ಮೇಲಿನ ದೊಡ್ಡ ಟಿವಿಯಲ್ಲಿ ಹಳದಿ ಪಟ್ಟಿಯೊಂದು ಮೂಡಿತ್ತು. ‘ಎಚ್ಚರಿಕೆ. ಈ ಫೈಲ್ ನಂಬಲರ್ಹ ಮೂಲದಿಂದ ಬಂದಿಲ್ಲ. ಹಾನಿ ಉಂಟಾಗಬಹುದು. ತೆರೆಯಬೇಕೆ?’ ಅದರ ಕೆಳಗೆ ಹುಡುಗನ ಹೆಸರು: ನರೇಂದ್ರ, ಬಿ.ಇ.

ಬನಶಂಕರಿ ಎರಡನೇ ಹಂತದ ಆ ವಧೂವರರ ಕೇಂದ್ರಕ್ಕೆ ಅರ್ಪಿತ ಬಂದದ್ದೇ ಈ ಪಟ್ಟಿಯನ್ನು ತೆಗೆಯಲು. ಕಂಪ್ಯೂಟರ್ ರಿಪೇರಿ ಅಂಗಡಿಯವರು ಅವಳನ್ನು ಕಳುಹಿಸಿದ್ದರು. ಕುರ್ಚಿಯಲ್ಲಿ ಕೂತ ಗಳಿಗೆಯಿಂದ ಅವಳಿಗೆ ಹೇಸಿಗೆ. ಮೌಸ್ ಮುಟ್ಟಿದರೆ ಬೆರಳು ಅಂಟುತ್ತಿತ್ತು. ಕೀಬೋರ್ಡಿನ ಸಂದಿಯಲ್ಲಿ ಖಾರದ ಅವಲಕ್ಕಿ, ಅದರ ಮೇಲೆ ಯಾವ ಕಾಲದ್ದೋ ಪೂಜೆಯ ಕುಂಕುಮ, ಅದಕ್ಕೆ ಮುತ್ತಿದ ಇರುವೆ.

“ಮೊನ್ನೆ ಅಪ್‌ಡೇಟ್ ಆಯ್ತಮ್ಮ, ಅವತ್ತಿಂದ ಈ ಕಾಟ” ಎಂದ ಕೇಂದ್ರದ ಯಜಮಾನ ಗೌರೀಶಂಕರ, ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ. “ಮುಂಚೆ ಇಂಗ್ಲಿಷಲ್ಲಿ ಏನೋ ಬರ್ತಿತ್ತು, ಓಕೆ ಒತ್ತಿಬಿಡ್ತಿದ್ದೆ. ಈಗ ಕನ್ನಡದಲ್ಲಿ ಬರುತ್ತೆ, ಎಲ್ರೂ ಓದ್ತಾರೆ. ಹುಡುಗನಲ್ಲೇ ಏನೋ ಐಬಿದೆ, ಕಂಪ್ಯೂಟರಿಗೇ ಗೊತ್ತಾಗ್ಹೋಗಿದೆ ಅಂತ ಹೆಣ್ಣಿನ ಕಡೆಯೋರು ಎದ್ದು ಹೋಗ್ತಾರೆ.”

“ಅದು ಹುಡುಗನ ಬಗ್ಗೆ ಅಲ್ಲ ಸಾರ್. ವಾಟ್ಸಾಪಲ್ಲೋ ಇಮೇಲಲ್ಲೋ ಹೊರಗಡೆಯಿಂದ ಬಂದ ಫೈಲಿಗೆಲ್ಲ ಹೀಗೇ ಬರುತ್ತೆ. ಇದೇ ಕಂಪ್ಯೂಟರಲ್ಲಿ ಟೈಪ್ ಮಾಡಿದ್ದಕ್ಕೆ ಬರಲ್ಲ.”

ಗೌರೀಶಂಕರ ಒಮ್ಮೆ ಕೆಮ್ಮಿದ. “ಅದೇನೋಮ್ಮ. ಬೇಗ ತೆಗೆದುಬಿಡು.”

“ಅವಸರ ಏನೈತೆ, ನಿಧಾನಕ್ಕೆ ಮಾಡ್ಲಿ ಬಿಡಿ ಸಾರ್” ಎಂದರು ಮುನಿಲಕ್ಷ್ಮಮ್ಮ.

ಅವರು ಉತ್ತರಹಳ್ಳಿಯವರು. ಒಂದು ಕಾಲದ ಹೊಲದಲ್ಲಿ ಈಗ ಸಾಲಾಗಿ ಬಾಡಿಗೆ ಮನೆಗಳು. ಬೆಳಗಿನಿಂದ ಸೋಫಾದಲ್ಲಿ ಕಾಲು ಚಾಚಿ ಕೂತು ಒಂದೊಂದೇ ಗಂಡಿನ ಫೈಲು ತೆರೆಸುತ್ತಿದ್ದರು. ಹಳದಿ ಪಟ್ಟಿ ಬಂದಾಗಲೆಲ್ಲ ಅವರ ಮುಖ ಅರಳುತ್ತಿತ್ತು. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಒತ್ತಿ ನೋಡಿ ಪಕ್ಕಕ್ಕೆ ಎಸೆದ ಹಾಗೆ ಒಬ್ಬೊಬ್ಬರನ್ನೇ ತಳ್ಳಿಹಾಕುತ್ತಿದ್ದರು. ಓದಿದ, ದುಡಿಯುವ ಹುಡುಗರು. ಅರ್ಪಿತಳಿಗೆ ಮೈ ಉರಿಯಿತು.

“ಆ ರವಿಕಿರಣಂದು ತೆಗೀರಿ, ಇನ್ನೊಂದ್ಸಲ ನೋಡಣ.”

ಆ ಫೈಲು ಥಟ್ಟನೆ ತೆರೆದುಕೊಂಡಿತು. ಪಟ್ಟಿ ಇಲ್ಲ, ಪ್ರಶ್ನೆ ಇಲ್ಲ. ನೀಲಿ ಶರ್ಟಿನ ಹುಡುಗನೊಬ್ಬ ಟಿವಿಯ ತುಂಬ ನಕ್ಕ. ಮುನಿಲಕ್ಷ್ಮಮ್ಮ ಕಣ್ಣು ಕಿರಿದು ಮಾಡಿ ನೋಡಿದರು.

“ಫೋಟೋದಲ್ಲಿ ಒಸಿ ಬಡವಾಗಿ ಕಾಣ್ತಾನೆ. ಆದ್ರೂ ನೋಡವ್ವ, ಕಂಪ್ಯೂಟರ್ ಕಮಕ್ ಕಿಮಕ್ ಅನ್ನಲಿಲ್ಲ. ಚಿನ್ನದಂಥ ಹುಡುಗ.”

ಮದುವೆ ಮಾತುಕತೆಗೆ ಮುಂಚೆಯೇ ಅಳಿಯನ ಮೇಲೆ ಈ ಮಮತೆ. ಅರ್ಪಿತ ಮನಸ್ಸಿನಲ್ಲೇ ಹಲ್ಲು ಕಡಿದಳು. ಆಮೇಲೆ ಅವಳ ಕೈ ನಿಂತಿತು. ಇಷ್ಟೂ ಹುಡುಗರಲ್ಲಿ ಇವನೊಬ್ಬನಿಗೆ ಮಾತ್ರ ಎಚ್ಚರಿಕೆ ಇಲ್ಲ. ಅಂದರೆ ಈ ಫೈಲು ಹುಡುಗನ ಮನೆಯಿಂದ ಬಂದದ್ದಲ್ಲ. ಇಲ್ಲೇ, ಈ ಅಂಟು ಕೀಬೋರ್ಡಿನಲ್ಲೇ ತಯಾರಾದದ್ದು.

ಗೌರೀಶಂಕರನಿಗೆ ಫೋನ್ ಬಂತು. ಮಾತಾಡುತ್ತ ಬಾಲ್ಕನಿಗೆ ಹೋದ. ಅರ್ಪಿತ ಟಿವಿಗೆ ಹೋಗುವ ವೈರನ್ನು ಮೆಲ್ಲಗೆ ಕಿತ್ತಳು. ಅಳಿಸಿದ ಫೈಲುಗಳನ್ನು ಹುಡುಕಿದಳು. ಅದೇ ಹೆಸರಿನ ಇನ್ನೊಂದು ಫೈಲು ಅಲ್ಲಿತ್ತು, ಹುಡುಗನೇ ತನ್ನ ಇಮೇಲ್‌ನಿಂದ ಕಳಿಸಿದ್ದು. ತೆರೆಯಲು ಹೋದರೆ ಎಚ್ಚರಿಕೆ ಬಂತು. ಹೌದು ಒತ್ತಿದಳು.

ಅದೇ ನೀಲಿ ಶರ್ಟು, ಅದೇ ಕೆಲಸ, ಅದೇ ಎತ್ತರ. ಕೊನೆಯಲ್ಲಿ ಮಾತ್ರ ಹೆಚ್ಚಿಗೆ ಬರೆದಿತ್ತು: ‘ಮೊದಲ ಮದುವೆ ವಿಚ್ಛೇದನದಲ್ಲಿ ಮುಗಿದಿದೆ. ಮಗಳು ನನ್ನ ಜೊತೆ ಇದ್ದಾಳೆ. ಅವಳನ್ನು ಒಪ್ಪುವವರು ಮಾತ್ರ ದಯವಿಟ್ಟು ಸಂಪರ್ಕಿಸಿ.’

ಇಲ್ಲಿ ತಯಾರಾದ ಫೈಲಿನಲ್ಲಿ ಆ ಜಾಗಕ್ಕೆ ಒಂದೇ ಪದ. ಅವಿವಾಹಿತ.

ಪಾಪ, ಹುಡುಗ ನಿಜ ಬರೆದಿದ್ದ. ಈ ಮನುಷ್ಯ ಒಂದು ಮಗುವನ್ನೇ ಅವಲಕ್ಕಿ ಕೊಡವಿದಷ್ಟು ಸುಲಭವಾಗಿ ಕೊಡವಿ ಹಾಕಿದ್ದಾನೆ. ನಾಳೆ ಯಾರ ಮನೆಯದೋ ಹುಡುಗಿ ಹೊಸಿಲು ದಾಟಿ ಒಳಗೆ ಕಾಲಿಟ್ಟಾಗ, ಒಳಗಿನಿಂದ ಒಂದು ಮಗು ಓಡಿಬರುತ್ತದೆ. ಆ ಹುಡುಗಿ ಏನು ಮಾಡಬೇಕು? ಆ ಮಗು ಏನು ಮಾಡಬೇಕು?

ಗಿರಾಕಿಗಳ ವಿಷಯಕ್ಕೆ ತಲೆಹಾಕಬೇಡ ಎಂದು ಅಂಗಡಿಯಲ್ಲಿ ಹೇಳಿಯೇ ಕಳಿಸುತ್ತಿದ್ದರು. ಗೌರೀಶಂಕರ ಅಂಗಡಿಯ ಹಳೆಯ ಗಿರಾಕಿ. ಬಾಯಿ ಬಿಟ್ಟರೆ ಕೆಲಸ ಹೋದಂತೆಯೇ. ಅರ್ಪಿತ ಬಾಲ್ಕನಿಯ ಕಡೆ ನೋಡಿದಳು. ಅವನ ಬೆನ್ನು ಇತ್ತ ಇತ್ತು. ಹೋದರೆ ಹೋಗಲಿ ಎಂದು ಎದ್ದು ಸೋಫಾದ ಪಕ್ಕ ಬಂದು ಬಗ್ಗಿದಳು. ಬೆಳಗಿನಿಂದ ಬೈದುಕೊಂಡಿದ್ದ ಆ ಹೆಂಗಸಿನ ಮೇಲೆ ಈಗ ಅವಳಿಗೆ ಕನಿಕರವೇ ಬಂದಿತ್ತು.

“ಆಂಟಿ, ನಿಮ್ಮ ಮನೆ ಹುಡುಗಿನ ಆ ರವಿಕಿರಣ್‌ಗೆ ಕೊಡಬೇಡಿ. ಅವರಿಗೆ ಮೊದಲೇ ಮದುವೆ ಆಗಿತ್ತು. ಒಂದು ಹೆಣ್ಣು ಮಗು ಇದೆ. ಇವರು ಅದನ್ನ ಮುಚ್ಚಿಟ್ಟಿದ್ದಾರೆ.”

ಮುನಿಲಕ್ಷ್ಮಮ್ಮ ಬೆಚ್ಚಲಿಲ್ಲ. ಬಾಲ್ಕನಿಯ ಕಡೆ ತಿರುಗಿಯೂ ನೋಡಲಿಲ್ಲ. ಅರ್ಪಿತಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ಐತೆ ಕಣವ್ವ, ದಿನಾ ನಾನೇ ಅವಳಿಗೆ ಜಡೆ ಹಾಕೋದು. ಸಾಯಂಕಾಲ ಹೆಣ್ಣಿನ ಕಡೆಯೋರು ಬಂದು ಈ ಟಿವೀಲಿ ನನ್ನ ಮಗನ್ನ ನೋಡ್ಕೊಂಡು ಹೋಗೋಗಂಟ, ಮಿಕ್ಕ ಹುಡುಗರ ಎಚ್ಚರಿಕೆ ಹಾಗೇ ಇರ್ಲಿ.”