ಪರ್ವಕಾಲದ ಫೋಟೋ

ಆಂಧ್ರದ ಬಾಪಟ್ಲಾ ಹತ್ತಿರದ ಸೂರ್ಯಲಂಕ ಬೀಚಿನ ಒದ್ದೆ ಮರಳಿನ ಮೇಲೆ ಬೆಳ್ಳಂಬೆಳಿಗ್ಗೆ ನಾನು ಕ್ಯಾಮೆರಾ ಹಿಡಿದು ಬೋರಲು ಮಲಗಿದ್ದೆ. ಐವತ್ತು ದಾಟಿದ ವಯಸ್ಸು, ಬೋರಲು ಮಲಗಲು ಸ್ವಲ್ಪವೂ ಸಹಕರಿಸದ ಹೊಟ್ಟೆ, ಮೈಮೇಲೆ ಎಲೆಗಳ ಚಿತ್ತಾರದ ಹಸಿರು ಜಾಕೆಟ್ಟು. ಹುಲ್ಲುಕಡ್ಡಿಯೂ ಇಲ್ಲದ ಮರಳಿನಲ್ಲಿ ಎಲೆಯ ಜಾಕೆಟ್ಟು ಯಾಕೆಂದು ಹೆಂಡತಿ ಮಂದಾಕಿನಿ ರೂಮಿನಲ್ಲೇ ಕೇಳಿದ್ದಳು. ಹಕ್ಕಿಗಳಿಗೆ ನಾನು ಕಾಣಬಾರದು ಎಂದಿದ್ದೆ.

"ಹಕ್ಕಿ ಮಾತು ನನಗ ಗೊತ್ತಿಲ್ಲ. ನಮಗಂತೂ ನೀವು ಕಾಣೂದು ಬಿಟ್ಟು ಭಾಳ ದಿನಾ ಆತು," ಎಂದಿದ್ದಳು ಅವಳು.

ನನ್ನ ಎದುರಿಗೆ, ಅಲೆ ಬಂದು ಮರಳುವಲ್ಲಿ, ಪುಟ್ಟ ಗೊರವ ಹಕ್ಕಿಗಳ ಒಂದು ಹಿಂಡು ಓಡಾಡುತ್ತಿತ್ತು. ಬೇಸಿಗೆಯಲ್ಲಿ ಉತ್ತರಕ್ಕೆ ಹಾರುವ ಮುಂಚೆ ಇವುಗಳ ಮೈ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಹೈದರಾಬಾದಿನ ನಮ್ಮ ಫೋಟೋ ಬಳಗದಲ್ಲಿ ಆ ಬಣ್ಣದ ಫೋಟೋ ಯಾರಿಗೂ ಸಿಕ್ಕಿರಲಿಲ್ಲ, ನನಗೆ ಸಿಗಲೇಬೇಕಿತ್ತು. ಅಮಾವಾಸ್ಯೆಯಂದು ಉಬ್ಬರ ಜೋರು, ನೀರು ಏರಿದಷ್ಟೂ ಹಕ್ಕಿಗಳು ದಡದ ಸಮೀಪಕ್ಕೆ ಬರುತ್ತವೆ ಎಂದು ಎಲ್ಲೋ ಓದಿ ನಾನು ಈ ದಿನಕ್ಕೇ ಟಿಕೆಟ್ಟು ತೆಗೆಸಿದ್ದೆ. ನಾಂಪಲ್ಲಿಯ ಆಫೀಸಿನಲ್ಲಿ ಯಾವ ಕಡತವನ್ನೂ ನಾನು ಇಷ್ಟು ಶ್ರದ್ಧೆಯಿಂದ ಓದಿದ್ದಿಲ್ಲ.

ಅವ್ವನಿಗೆ ಈ ಗುಟ್ಟು ಗೊತ್ತಿರಲಿಲ್ಲ. ಎಂಬತ್ತರ ಹತ್ತಿರ ಬಂದರೂ ತುಳಸಾಬಾಯಿ ಸಮುದ್ರ ಕಂಡವಳಲ್ಲ. ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವಕಾಲ ಬಿಟ್ಟು ಬೇರೆ ದಿನ ಸಮುದ್ರವನ್ನು ಮುಟ್ಟಲೂಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಟಿಕೆಟ್ಟಿನ ತಾರೀಖು ಕೇಳಿ ಪಂಚಾಂಗ ತಿರುವಿದವಳು ಕಣ್ಣು ತುಂಬಿಕೊಂಡಳು. "ನಮ್ಮ ನರಸಿಂಹ ನನ್ನ ಸ್ನಾನದ ಸಲುವಾಗಿ ಅಮಾಸಿ ಹುಡುಕಿ ಟಿಕೀಟು ತಗಸ್ಯಾನ," ಎಂದು ಹಿಮಾಯತ್‌ನಗರದ ನಮ್ಮ ಗಲ್ಲಿಯಲ್ಲಿ ಕನ್ನಡ ಬಲ್ಲವರಿಗೆ ಕನ್ನಡದಲ್ಲಿ, ಬಾರದವರಿಗೆ ತೆಲುಗಿನಲ್ಲಿ ಹೇಳಿ ಬಂದಳು. ಬಿಟ್ಟಿ ಬಂದ ಪುಣ್ಯವನ್ನು ವಾಪಸು ಕಳಿಸುವಷ್ಟು ಪ್ರಾಮಾಣಿಕ ನಾನಲ್ಲ. ಸುಮ್ಮನೆ ತಲೆ ತಗ್ಗಿಸಿ ವಿನಯದಿಂದ ನಕ್ಕಿದ್ದೆ.

ಈಗ ಮಂದಾಕಿನಿ ಅವ್ವನ ಕೈ ಹಿಡಿದು ದಡಕ್ಕೆ ಕರೆತಂದಳು. "ರೀ, ಅಮಾಸಿ ಎಂಟಕ್ಕ ಮುಗೀತದಂತ. ಅತ್ಯಾಗ ನಿಮ್ಮ ಕೈ ಹಿಡಕೊಂಡೇ ಮುಳುಗಬೇಕಂತ. ಲಗೂನ ಏಳ್ರಿ. ನಾ ರೂಮಿಗೆ ಹೋಗಿ ಒಣಾ ಸೀರಿ ತರ್ತೀನಿ," ಎಂದು ಕೂಗಿ ಹೇಳಿ ಹೊರಟುಹೋದಳು. ನಾನು ಬೆರಳೆತ್ತಿ, 'ಬಂದೆ' ಎಂದು ಸನ್ನೆ ಮಾಡಿದೆ. ಬೆರಳು ಮತ್ತೆ ಕ್ಯಾಮೆರಾದ ಗುಂಡಿಯ ಮೇಲೇ ಹೋಗಿ ಕೂತಿತು.

ಅವ್ವ ತಾನೇ ನಿಧಾನಕ್ಕೆ ನೀರಿನ ಕಡೆ ನಡೆಯತೊಡಗಿದಳು. ನೇರ ನನ್ನ ಹಕ್ಕಿಗಳ ಮಧ್ಯಕ್ಕೆ!

"ಅವ್ವಾ, ಅಲ್ಲೇ ನಿಂದ್ರು! ಅಳ್ಳಾಡಬ್ಯಾಡ!"

ಅವಳು ಗಕ್ಕನೆ ನಿಂತಳು. ತನ್ನತ್ತ ತಿರುಗಿದ್ದ ಕ್ಯಾಮೆರಾ ನೋಡಿ ಮುಖವೆಲ್ಲ ನಗುವಾಯಿತು. "ನನ್ನ ಫೋಟೋ ಏನೋ? ಇಂಥಾ ಅವತಾರದಾಗ?" ಎನ್ನುತ್ತ ಸೆರಗು ಸರಿಮಾಡಿಕೊಂಡಳು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವಳು ಎರಡೂ ಕೈ ಜೋಡಿಸಿ, ಸ್ಟುಡಿಯೋದಲ್ಲಿ ನಿಂತವರ ಹಾಗೆ ಬಿಗಿಯಾಗಿ ನಿಂತುಬಿಟ್ಟಳು. ನೀರು ಅವಳಿಂದ ನಾಲ್ಕು ಮಾರು ದೂರದಲ್ಲಿತ್ತು.

ಸರಿದು ಹೋಗಿದ್ದ ಹಕ್ಕಿಗಳು ಒಂದೊಂದಾಗಿ ಅವಳ ಕಾಲಬುಡಕ್ಕೇ ಬಂದವು. ನನ್ನ ದುಬಾರಿ ಜಾಕೆಟ್ಟಿಗೆ ಹೆದರಿದ್ದ ಹಕ್ಕಿಗಳು ಅವಳ ಕಚ್ಚೆ ಸೀರೆಗೆ ಹೆದರಲಿಲ್ಲ. ನಾನು ಒಂದಾದ ಮೇಲೊಂದು ತೆಗೆಯುತ್ತಲೇ ಹೋದೆ.

"ಆತೇನೋ?" ತುಟಿ ಅಲುಗಿಸದೆ ಕೇಳಿದಳು.

"ಇನ್ನೊಂದು, ಅವ್ವಾ."

"ನೀರಿಗೆ ಹೋಗೂಣಲ್ಲೋ?"

"ಇದೊಂದ ಆಗಲಿ."

ಅದೊಂದು ಎಷ್ಟಾಯಿತೋ ತಿಳಿಯದು. ಹಿಂದಿನಿಂದ ಮಂದಾಕಿನಿಯ ದನಿ ಕೇಳಿತು. "ಎಂಟು ಹೊಡದು ಹೋತಲ್ರೀ! ಸ್ನಾನ ಆತಿಲ್ಲೋ?" ಒಣ ಸೀರೆಯನ್ನು ಎದೆಗವಚಿಕೊಂಡು ಓಡಿಬಂದಿದ್ದಳು. ಹಿಂಡು ಒಮ್ಮೆಗೇ ಎದ್ದು ಸಮುದ್ರದ ಮೇಲೆ ಹಾರಿಹೋಯಿತು.

ಅವ್ವ ಜೋಡಿಸಿದ್ದ ಕೈ ಬಿಟ್ಟಳು. ಉಬ್ಬರ ಏರಿ ನೀರು ಅವಳ ಹತ್ತಿರಕ್ಕೇ ಬಂದಿತ್ತು. ಅಲೆಯೊಂದು ಪಾದದ ತನಕ ಹರಿದು ಬಂದಾಗ ಅವಳು ಸೀರೆ ಎತ್ತಿಕೊಂಡು ಹಿಂದೆ ಸರಿದಳು. "ಪಾಡ್ಯ ಹತ್ತಿತು. ಇನ್ನ ಮುಟ್ಟಬಾರದು."

"ಹತ್ತು ನಿಮಿಷದಾಗ ಏನಾಗ್ತದವ್ವಾ? ಸಮುದ್ರಕ್ಕೇನು ಗಡಿಯಾರ ಅದ?"

"ಸಮುದ್ರಕ್ಕಿಲ್ಲಪ್ಪಾ, ನನಗದ."

ನಾಚಿಕೆಯಿಂದ ಮರಳಿನಲ್ಲಿ ಹೂತುಹೋಗಬೇಕು ಅನ್ನಿಸಿತು. ಅರ್ಧ ಹೂತೇ ಇದ್ದೆ. ಎದ್ದು ನಿಲ್ಲಲು ಮಂದಾಕಿನಿಯೇ ಕೈ ಕೊಡಬೇಕಾಯಿತು. ಆದರೂ ನನಗೆ ಒಂದು ಆಸೆ: ಅವ್ವ ಬೈದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

"ಇರಲಿ ಬಿಡು. ನನ್ನ ಫೋಟೋ ಹ್ಯಾಂಗ ಬಂದದ, ತೋರಸು," ಎಂದು ಕನ್ನಡಕ ಏರಿಸಿದಳು.

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ, ಕ್ಯಾಮೆರಾ ಮುಂದೆ ಹಿಡಿದೆ. ಪರದೆಯ ತುಂಬ ಇಟ್ಟಿಗೆ ಬಣ್ಣದ ಹಕ್ಕಿ. ಒಂದೊಂದು ಗರಿಯನ್ನೂ ಎಣಿಸಬಹುದಿತ್ತು. ಅದರ ಹಿಂದೆ ಮಸುಕು ಮಸುಕಾಗಿ ಏನೋ ಎರಡು. ಅವ್ವ ಕ್ಯಾಮೆರಾ ತನ್ನ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಇನ್ನೊಂದು ತೋರಿಸಿದೆ, ಮತ್ತೊಂದು ತೋರಿಸಿದೆ. ಎಲ್ಲದರಲ್ಲೂ ಅಷ್ಟೇ.

"ಹಿಂದ ಇವೆರಡು ಗೂಟ ಏನೋ?"

ಮಂದಾಕಿನಿ ಬಗ್ಗಿ ನೋಡಿ, "ಗೂಟ ಅಲ್ರಿ ಅತ್ಯಾ. ನಿಮ್ಮ ಕಾಲು," ಎಂದಳು.

ಅವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಕ್ಯಾಮೆರಾವನ್ನು ಮರಳು ತಾಗದ ಹಾಗೆ ಜೋಪಾನವಾಗಿ ನನ್ನ ಕೈಗೆ ಕೊಟ್ಟಳು.

"ಹಕ್ಕಿ ಭಾಳ ಛಂದ ಬಂದದ," ಎಂದಳು. "ಮುಂದಿನ ಸಲ ಹಕ್ಕಿ ಇಲ್ಲದ ಸಮುದ್ರಕ್ಕ ಕರಕೊಂಡು ಹೋಗಪ್ಪಾ."