ಹುಳಿ ಬಂದ ಬಾಟಲಿ

ಮೊಸರಿನ ಬ್ಯಾಕ್ಟೀರಿಯಾಗಳನ್ನು ದಿನವೂ ಹೊಸ ಹಾಲಿಗೆ ದಾಟಿಸಬೇಕಿತ್ತು. ಪ್ರಮೀಳಾ ಎರಡು ದಿನ ಮರೆತುಬಿಟ್ಟಿದ್ದಳು. ತನ್ನ ಬಾಟಲಿಯ ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಆಮ್ಲದಲ್ಲಿ ಬ್ಯಾಕ್ಟೀರಿಯಾ ಬದುಕುತ್ತವೆಯೇ ಎಂಬ ಪರೀಕ್ಷೆ ಇವತ್ತೇ. ಇವು ಸತ್ತರೆ ಮೇಡಂ ತನ್ನನ್ನು ಪ್ರಯೋಗಾಲಯದಿಂದಲೇ ಓಡಿಸುತ್ತಾರೆ. ತನ್ನ ಹೆಸರಿನ ಚೀಟಿ ಕಿತ್ತು, ಮೇಡಂ ದಿನವೂ ಹೊಸ ಹಾಲಿಗೆ ದಾಟಿಸಿ ಜೋಪಾನ ಮಾಡಿದ್ದ ಬಾಟಲಿಗೆ ಅಂಟಿಸಿದಳು; ಮೇಡಂ ಚೀಟಿಯನ್ನು ತನ್ನದಕ್ಕೆ.

ಮೇಡಂ ಬಂದು ಮೂಸಿ ನೋಡಿದರು. “ನನ್ನದು ಯಾಕೆ ಇಷ್ಟೊಂದು ಹುಳಿಯಾಗಿದೆ?”

“ಗೊತ್ತಿಲ್ಲ ಮೇಡಂ.”

ಎರಡನ್ನೂ ಬೇರೆ ಬೇರೆಯಾಗಿ ಆಮ್ಲಕ್ಕೆ ಸುರಿದರು. ಮರುದಿನ ಮೇಡಂ ಮುಖ ಅರಳಿಸಿಕೊಂಡು ಬಂದರು.

“ಮೊದಲೇ ಹುಳಿಗೆ ಪಳಗಿದ್ವು ನೋಡು, ನನ್ನವು ಆಮ್ಲಕ್ಕೂ ಜಗ್ಗಲಿಲ್ಲ. ನಿನ್ನವು ಒಂದೂ ಉಳಿದಿಲ್ಲ ಕಣಮ್ಮ. ನಾಳೆಯಿಂದ ಬರಬೇಡ.”